ಚನ್ನಪಟ್ಟಣದ ಒತ್ತಕ್ಷರ ಮತ್ತು ಬೂಟ್‌ಸ್ಟ್ರ್ಯಾಪ್

2023ರ ಮಾರ್ಚ್ 12ಕ್ಕೆ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆಯ್ತು. ಅವತ್ತು ನಮ್ಮ ಆಫೀಸಿನ ವಾಟ್ಸಾಪ್ ಗ್ರೂಪಿನಲ್ಲಿ ಎಲ್ಲರಿಗೂ ಖುಷಿಯೋ ಖುಷಿ. ವೀಕೆಂಡಿಗೆ ಮೈಸೂರು, ಕೂರ್ಗ್ ಅಂತ ಪ್ಲಾನು ಶುರುವಾಯ್ತು. ಚನ್ನಪಟ್ಟಣದಿಂದ ನಮ್ಮ ಸೋದರಮಾವನ ಫೋನ್ ಬಂದಿದ್ದು ಅದಾಗಿ ಒಂದು ತಿಂಗಳಿಗೆ.

"ಹಳೇ ರಸ್ತೇಲಿ ಕಾರೇ ನಿಲ್ತಿಲ್ಲ ಕಣೋ. ಎಲ್ಲಾ ಬೈಪಾಸ್‌ನಾಗೆ ಹೊಂಟೋಯ್ತವೆ. ನಿನ್ ಕಂಪ್ಯೂಟರ್ ಅಂಗಡಿ ಇತ್ತಲ್ಲ, ಅದ್ನ ಮತ್ತೆ ತೆಗಿ."

ಮಾವನದು ಗೊಂಬೆ ಅಂಗಡಿ. ಹಿಂದೆ ಶೆಡ್ಡಿನಲ್ಲಿ ಎರಡು ಲೇತ್ ಮಿಷಿನ್, ಮುಂದೆ ರಸ್ತೆಗೆ ಮುಖ ಮಾಡಿದ ಮಳಿಗೆ. ಬುಗುರಿ, ಗಿಲಕಿ, ತಲೆಯಾಡಿಸೋ ಗೊಂಬೆ, ಮರದ ರೈಲು. ಮೈಸೂರಿಗೆ ಹೋಗೋ ಬೆಂಗಳೂರಿನ ಸಂಸಾರಗಳು ಕಾರು ನಿಲ್ಲಿಸಿ, ಮಕ್ಕಳಿಗೆ ಒಂದೊಂದು ಕೊಡಿಸಿಕೊಂಡು ಹೋಗ್ತಿದ್ದವು. ಆ ನಿಲ್ಲುವ ಕಾರಿನ ಮೇಲೇ ಅಂಗಡಿ ನಿಂತಿತ್ತು. ಹೊಸ ರಸ್ತೆ ರಾಮನಗರ, ಚನ್ನಪಟ್ಟಣ ಎರಡನ್ನೂ ಪಕ್ಕಕ್ಕೆ ಬಿಟ್ಟು ಹೋಗುತ್ತೆ. ವೇಗ ಬೇಕಾದವರಿಗೆ ಅದೇ ಸರಿ, ತಪ್ಪು ಅನ್ನೋಕೆ ಆಗಲ್ಲ. ಆದರೆ ಮಾವನ ಗಲ್ಲಾಪೆಟ್ಟಿಗೆಗೆ ಆ ಮಾತು ಹೇಳಿ ಏನುಪಯೋಗ?

ಅವರು ಹೇಳಿದ "ಕಂಪ್ಯೂಟರ್ ಅಂಗಡಿ" ನಾನು 2012ರಲ್ಲಿ ರೂಬಿ ಆನ್ ರೈಲ್ಸ್‌ನಲ್ಲಿ ಕಟ್ಟಿದ್ದ ಒಂದು ಪುಟ್ಟ ವೆಬ್ ಆಪ್. ಅದಕ್ಕೆ ಪುಕ್ಕಟೆ ಜಾಗ ಕೊಟ್ಟಿದ್ದ ಕಂಪನಿ 2022ರ ಕೊನೆಗೆ ಪುಕ್ಕಟೆ ಸೇವೆ ನಿಲ್ಲಿಸಿತು. ನಾನೂ ತಲೆ ಕೆಡಿಸಿಕೊಳ್ಳದೆ ಸುಮ್ಮನಿದ್ದೆ. ಈಗ ಧೂಳು ಕೊಡವಿ ಎಬ್ಬಿಸಬೇಕಿತ್ತು. ಎಬ್ಬಿಸೋಕೆ ಹೋದಾಗ ಅದರ ಅಲಂಕಾರದ ಕೋಡಿನಲ್ಲಿ ಹನ್ನೊಂದು ವರ್ಷದ ಇತಿಹಾಸ ಪದರ ಪದರವಾಗಿ ಸಿಕ್ಕಿತು. ಈ ಬರಹ ಆ ಪದರಗಳ ಬಗ್ಗೆ.

*

ಮೊದಲು ಗೊಂಬೆ ಮಾಡುವ ಬಗೆ ಹೇಳಿಬಿಡ್ತೀನಿ, ಮುಂದೆ ಬೇಕಾಗುತ್ತೆ.

ಆಲೆ ಮರದ ತುಂಡನ್ನು ಒಣಗಿಸಿ, ಲೇತಿಗೆ ಸಿಕ್ಕಿಸಿ, ತಿರುಗುತ್ತಿರುವಾಗಲೇ ಉಳಿ ಹಿಡಿದು ಕಡೀತಾರೆ. ಆಕಾರ ಬಂದ ಮೇಲೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡೀತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತೆ. ಆಮೇಲೆ ತಾಳೆಗರಿಯಲ್ಲಿ ಉಜ್ಜಿದರೆ ಫಳಫಳ ಹೊಳಪು. ಇಷ್ಟೂ ಆಗೋದು ಮರ ಲೇತಿನ ಮೇಲೆ ತಿರುಗ್ತಾ ಇರುವಾಗಲೇ. ಕೆಳಗಿಳಿಸಿದ ಮೇಲೆ ಅರಗು ಹತ್ತಲ್ಲ.

ಇನ್ನೊಂದು. ನಮ್ಮೂರ ಗೊಂಬೆಗಳೆಲ್ಲ ಯಾಕೆ ದುಂಡಗಿರುತ್ತವೆ ಅಂತ ಯಾವತ್ತಾದ್ರೂ ಯೋಚಿಸಿದ್ದೀರಾ? ಲೇತು ಕೊಡೋದೇ ದುಂಡು. ರಾಜನಾಗಲಿ, ರಾಣಿಯಾಗಲಿ, ಆನೆಯಾಗಲಿ, ದುಂಡು ತುಂಡುಗಳನ್ನು ಜೋಡಿಸಿಯೇ ಆಗಬೇಕು. ಉಪಕರಣದ ಸ್ವಭಾವ ಸರಕಿನ ಮೈಮೇಲೆ ಉಳಿದುಬಿಡುತ್ತೆ.

ಈ ಕಸುಬಿಗೆ ಟಿಪ್ಪು ಸುಲ್ತಾನ್ ಕಾಲದಲ್ಲಿ ಪರ್ಷಿಯಾದ ಕುಶಲಕರ್ಮಿಗಳು ಬಂದರು ಅನ್ನೋದು ಊರಿನಲ್ಲಿ ಎಲ್ಲರೂ ಹೇಳುವ ಕಥೆ. ಆಮೇಲೆ ಬಾವಾಸ್ ಮಿಯಾ ಅನ್ನುವವರು ಜಪಾನಿನ ಅರಗಿನ ಕೆಲಸದ ತಂತ್ರ ಇಲ್ಲಿಗೆ ತಂದರು ಅಂತ ಹೇಳ್ತಾರೆ. ಚನ್ನಪಟ್ಟಣದ ಗೊಂಬೆಯ ಪಿತಾಮಹ ಅಂತ ಅವರನ್ನೇ ನೆನೆಯೋದು. ನಾನು ಕೆಲಸ ಮಾಡುವ ರೂಬಿ ಭಾಷೆಯೂ ಜಪಾನಿನದೇ. ಯುಕಿಹಿರೊ ಮಾಟ್ಸುಮೊಟೊ ಅದನ್ನು ಹೊರಗೆ ಬಿಟ್ಟಿದ್ದು 1995ರ ಡಿಸೆಂಬರಿನಲ್ಲಿ. ಇದನ್ನು ಮಾವನಿಗೆ ಹೇಳಿದಾಗ, "ಹಂಗಾದ್ರೆ ನಿಂದೂ ನಮ್ ಕಸುಬೇ ಬಿಡು" ಅಂದಿದ್ದರು.

*

2012ರಲ್ಲಿ ನಾನು ಇಂಜಿನಿಯರಿಂಗ್ ಮುಗಿಸಿ ಬೆಂಗಳೂರಿನ ಒಂದು ಸಣ್ಣ ಕಂಪನಿ ಸೇರಿದ್ದೆ. ಬೆಳಗ್ಗೆ ಚಾಮುಂಡಿ ಎಕ್ಸ್‌ಪ್ರೆಸ್, ಸಂಜೆ ಮತ್ತೆ ಅದೇ. ಸೀಟು ಸಿಕ್ಕ ದಿನ ತೊಡೆ ಮೇಲೆ ಲ್ಯಾಪ್‌ಟಾಪ್. ಕಂಪನಿಯಲ್ಲಿ ರೈಲ್ಸ್ ಕಲೀತಿದ್ದೆ, ರೈಲಿನಲ್ಲಿ ಮಾವನ ಆಪ್ ಬರೀತಿದ್ದೆ.

ರೈಲ್ಸ್ ಅನ್ನೋದು ಡೇವಿಡ್ ಹೈನಮೈಯರ್ ಹ್ಯಾನ್ಸನ್ ಅವರು ಬೇಸ್‌ಕ್ಯಾಂಪ್ ಎಂಬ ತಂತ್ರಾಂಶದಿಂದ ಬೇರ್ಪಡಿಸಿ 2004ರ ಜುಲೈನಲ್ಲಿ ಬಿಡುಗಡೆ ಮಾಡಿದ ಚೌಕಟ್ಟು. ಡೇಟಾಬೇಸು, ಫಾರ್ಮು, ಲಾಗಿನ್ನು, ಇವೆಲ್ಲಕ್ಕೂ ಒಂದು ಸಿದ್ಧ ದಾರಿ ಹಾಕಿಕೊಡುತ್ತೆ. ಒಂದೇ ಸಂಜೆಯಲ್ಲಿ ಆರ್ಡರ್ ಪುಸ್ತಕ ತಯಾರಾಗಿಬಿಡ್ತು. ಆದರೆ ನೋಡೋಕೆ? ಬಿಳಿ ಹಾಳೆ ಮೇಲೆ ಕಪ್ಪು ಅಕ್ಷರ, ನೀಲಿ ಲಿಂಕು, ಬೂದು ಬಟನ್ನು. ಮಾವ ಕಣ್ಣಾಡಿಸಿ, "ಬಣ್ಣ ಹಚ್ಚೋದು ಯಾವಾಗ?" ಅಂದರು. ಕಡೆದಿದ್ದಾಗಿದೆ, ಅರಗು ಯಾವಾಗ ಅನ್ನೋ ಅರ್ಥದಲ್ಲಿ.

ವೆಬ್ ಪುಟಕ್ಕೆ ಬಣ್ಣ ಹಚ್ಚುವ ಭಾಷೆ ಸಿಎಸ್‌ಎಸ್. ಹೋಕನ್ ವಿಯಂ ಲೀ ಅದನ್ನು ಪ್ರಸ್ತಾಪಿಸಿದ್ದು 1994ರ ಅಕ್ಟೋಬರಿನಲ್ಲಿ. ಮೊದಲ ಅಧಿಕೃತ ರೂಪ ಬಂದದ್ದು 1996ರ ಡಿಸೆಂಬರಿನಲ್ಲಿ. ಮುಂದಿನ ಹತ್ತು ವರ್ಷ ಪ್ರತಿಯೊಬ್ಬ ಪ್ರೋಗ್ರಾಮರೂ ತನ್ನ ಪುಟದ ಅಳತೆಯನ್ನು ತಾನೇ ಹಾಕಿಕೊಂಡ. ಎರಡು ಕಾಲಂ ಪಕ್ಕಪಕ್ಕ ನಿಲ್ಲಿಸೋದೇ ಒಂದು ಸಾಹಸ. ಒಂದು ಬ್ರೌಸರಿನಲ್ಲಿ ನಿಂತದ್ದು ಇನ್ನೊಂದರಲ್ಲಿ ಕುಸಿಯುತ್ತಿತ್ತು. ಹಾಗಾಗಿ ಸಿದ್ಧ ಅಳತೆಯ ಪಟ್ಟಿಗಳು ಹುಟ್ಟಿದವು. 2007ರಲ್ಲಿ ಬ್ಲೂಪ್ರಿಂಟ್ ಬಂತು, ಮರುವರ್ಷ 960 ಗ್ರಿಡ್. ರೈಲ್ಸ್ ಕಲಿಯುವವರೆಲ್ಲ ಓದುತ್ತಿದ್ದ ಮೈಕೆಲ್ ಹಾರ್ಟಲ್ ಅವರ ಪಠ್ಯದ ಮೊದಲ ಆವೃತ್ತಿಯಲ್ಲಿ ಇದ್ದದ್ದು ಬ್ಲೂಪ್ರಿಂಟೇ.

ಆಮೇಲೆ ಬಂತು ಬೂಟ್‌ಸ್ಟ್ರ್ಯಾಪ್. ಮಾರ್ಕ್ ಒಟ್ಟೊ, ಜೇಕಬ್ ಥಾರ್ನ್‌ಟನ್ ಇಬ್ಬರೂ ಟ್ವಿಟರ್‌ನಲ್ಲಿದ್ದರು. ಕಂಪನಿಯ ಒಳಗಿನ ಒಂದೊಂದು ತಂಡದ ಒಂದೊಂದು ಉಪಕರಣ ಒಂದೊಂದು ತರ ಕಾಣ್ತಿತ್ತು. ಎಲ್ಲಕ್ಕೂ ಒಂದೇ ಅಚ್ಚು ಇರಲಿ ಅಂತ ಮಾಡಿಕೊಂಡ ಒಳಬಳಕೆಯ ಸರಕನ್ನು 2011ರ ಆಗಸ್ಟ್ 19ಕ್ಕೆ ಎಲ್ಲರಿಗೂ ಉಚಿತವಾಗಿ ಬಿಟ್ಟರು. ಟ್ವಿಟರ್ ಶುರುವಾಗಿದ್ದೇ ರೈಲ್ಸ್ ಮೇಲೆ ಅನ್ನೋದನ್ನು ಇಲ್ಲಿ ನೆನಪಿಡಿ. ಅದೇ ತಿಂಗಳ 31ಕ್ಕೆ, ಅಂದರೆ ಹನ್ನೆರಡೇ ದಿನಕ್ಕೆ, ರೈಲ್ಸ್ 3.1 ಬಂತು. ಅದರಲ್ಲಿ ಅಸೆಟ್ ಪೈಪ್‌ಲೈನ್ ಅಂತ ಹೊಸ ಏರ್ಪಾಡು. ಸಿಎಸ್‌ಎಸ್, ಜಾವಾಸ್ಕ್ರಿಪ್ಟ್ ಕಡತಗಳನ್ನು ಒಟ್ಟು ಸೇರಿಸಿ, ಕುಗ್ಗಿಸಿ ಕಳಿಸೋ ಕೆಲಸವನ್ನು ಚೌಕಟ್ಟೇ ಮಾಡಿಕೊಳ್ಳುತ್ತೆ. ಬಣ್ಣದ ಕಡ್ಡಿ, ಅದನ್ನು ಹಚ್ಚೋ ಲೇತು, ಎರಡೂ ಒಂದೇ ತಿಂಗಳಲ್ಲಿ ಕೈಗೆ ಬಂದ ಹಾಗಾಯ್ತು.

ಒಂದು ತೊಡಕಿತ್ತು. ಬೂಟ್‌ಸ್ಟ್ರ್ಯಾಪ್ ಬರೆದಿದ್ದದ್ದು ಲೆಸ್ ಎಂಬ ಭಾಷೆಯಲ್ಲಿ, ರೈಲ್ಸ್ ಒಪ್ಪಿಕೊಂಡಿದ್ದದ್ದು ಸ್ಯಾಸ್ ಎಂಬ ಭಾಷೆಯನ್ನು. ಎರಡೂ ಸಿಎಸ್‌ಎಸ್‌ಗೆ ಹೆಸರು, ಲೆಕ್ಕ, ಮರುಬಳಕೆ ಸೇರಿಸುವ ಭಾಷೆಗಳೇ. ತಮಾಷೆ ಏನಂದ್ರೆ, ಸ್ಯಾಸ್ 2006ರಲ್ಲಿ ಹುಟ್ಟಿದ್ದು ರೂಬಿಯಲ್ಲಿ. ಲೆಸ್ ಕೂಡ 2009ರಲ್ಲಿ ಮೊದಲು ಬರೆದದ್ದು ರೂಬಿಯಲ್ಲೇ, ಆಮೇಲೆ ಜಾವಾಸ್ಕ್ರಿಪ್ಟಿಗೆ ಹೋಯ್ತು. ಒಂದೇ ಮನೆಯ ಅಣ್ಣತಮ್ಮಂದಿರು ಪಾಲಾದ ಮೇಲೆ ಮಾತು ಬಿಟ್ಟ ಹಾಗೆ.

ಹೀಗಾಗಿ ರೈಲ್ಸ್‌ನವರಿಗೆ ಎರಡು ದಾರಿ. ಲೆಸ್ಸನ್ನೇ ಓಡಿಸುವ ಒಂದು ಜೆಮ್ ಇತ್ತು, ಅದಕ್ಕೆ ರೂಬಿಯೊಳಗೆ ಜಾವಾಸ್ಕ್ರಿಪ್ಟ್ ಯಂತ್ರವೊಂದನ್ನು ಕೂರಿಸಬೇಕು. ನನ್ನ ಹಳೇ ಲ್ಯಾಪ್‌ಟಾಪಿನಲ್ಲಿ ಅದು ಕೂರಲೇ ಇಲ್ಲ. ಬಿಡದಿಯಿಂದ ರಾಮನಗರದವರೆಗೂ ಕಂಪೈಲ್ ಆಗಿ, ಚನ್ನಪಟ್ಟಣ ಬರುವ ಹೊತ್ತಿಗೆ ಕೆಂಪು ಅಕ್ಷರದಲ್ಲಿ ಬೈದು ನಿಂತುಬಿಡ್ತಿತ್ತು. ಇನ್ನೊಂದು ದಾರಿ, ಯಾರೋ ಪುಣ್ಯಾತ್ಮರು ಸ್ಯಾಸ್‌ಗೆ ಅನುವಾದಿಸಿಟ್ಟ ಬೂಟ್‌ಸ್ಟ್ರ್ಯಾಪ್-ಸ್ಯಾಸ್ ಎಂಬ ಜೆಮ್. ಹಾರ್ಟಲ್ ಪಠ್ಯದ ಎರಡನೇ ಆವೃತ್ತಿ ಹಿಡಿದದ್ದೂ ಇದನ್ನೇ. ಜೆಮ್‌ಫೈಲ್‌ನಲ್ಲಿ ಒಂದು ಸಾಲು, ಒಂದು ಸಲ ಬಂಡಲ್ ಇನ್‌ಸ್ಟಾಲ್, ಸ್ಟೈಲಿನ ಕಡತದಲ್ಲಿ "ಬೂಟ್‌ಸ್ಟ್ರ್ಯಾಪ್ ಆಮದು ಮಾಡು" ಅನ್ನೋ ಒಂದು ಸಾಲು. ಅಷ್ಟೇ.

ಪುಟ ರಿಫ್ರೆಶ್ ಮಾಡಿದೆ. ಬೂದು ಬಟನ್ನು ನೀಲಿಯಾಯ್ತು, ಮೂಲೆ ದುಂಡಗಾಯ್ತು, ಮೇಲೆ ಕಪ್ಪು ಪಟ್ಟಿ ಬಂತು. ಒಂದೇ ಒಂದು ಸಾಲು ಸಿಎಸ್‌ಎಸ್ ಬರೆಯದೆ! ಪಕ್ಕದ ಸೀಟಿನ ಬ್ಯಾಂಕಿನ ಗುಮಾಸ್ತರು, "ಏನ್ ಸಾರ್, ದೊಡ್ಡ ಕಂಪನೀದಾ?" ಅಂತ ಕೇಳಿದ್ದು ಇವತ್ತಿಗೂ ನೆನಪಿದೆ.

ಮಾವನಿಗೂ ಹಿಡಿಸಿತು. ಪುಟವನ್ನು ಹನ್ನೆರಡು ಕಾಲಂ ಮಾಡಿದ್ದಾರೆ, ಬೇಕಾದಷ್ಟು ಕಾಲಂ ಒಂದೊಂದು ಗೊಂಬೆಗೆ ಕೊಡಬಹುದು ಅಂತ ವಿವರಿಸಿದೆ. "ಡಜನ್ ಲೆಕ್ಕ ಅನ್ನು" ಅಂದರು. ಅವರು ಬುಗುರಿ ಮಾರೋದೇ ಡಜನ್ನಿನಲ್ಲಿ. ಎರಡು ಪಾಲು, ಮೂರು ಪಾಲು, ನಾಲ್ಕು, ಆರು, ಎಲ್ಲಕ್ಕೂ ಹನ್ನೆರಡು ಒಡೆಯುತ್ತೆ. ಹತ್ತು ಹಾಗೆ ಒಡೆಯಲ್ಲ. ಬೂಟ್‌ಸ್ಟ್ರ್ಯಾಪಿನ ಗ್ರಿಡ್ಡನ್ನು ಇಷ್ಟು ಬೇಗ ಅರ್ಥ ಮಾಡಿಕೊಂಡ ಇನ್ನೊಬ್ಬರನ್ನು ನಾನು ನೋಡಿಲ್ಲ.

ಆಗಲೇ ಜನ ಗೊಣಗೋಕೆ ಶುರು ಮಾಡಿದ್ದರು, ಎಲ್ಲ ಸೈಟೂ ಒಂದೇ ತರ ಕಾಣ್ತವೆ ಅಂತ. ನಿಜ. ನಮ್ಮೂರ ಗೊಂಬೆಯೆಲ್ಲ ದುಂಡಗಿರುವ ಹಾಗೆ.

*

ಈಗ ನಾನು ಮಾಡಿದ ತಪ್ಪಿಗೆ ಬರ್ತೀನಿ.

ಆಪ್‌ನಲ್ಲಿ ಆರ್ಡರ್ ತಗೊಳ್ಳೋ ಫಾರ್ಮು ಕನ್ನಡದಲ್ಲಿತ್ತು. ಮಾವ ಓದೋದು ಕನ್ನಡ, ಆರ್ಡರ್ ಕೊಡೋ ಸಣ್ಣ ವ್ಯಾಪಾರಿಗಳು ಓದೋದೂ ಕನ್ನಡ. ಮಾಗಡಿ ರಂಗನಾಥಸ್ವಾಮಿ ಜಾತ್ರೆಗೆ, ಕನಕಪುರದ ಕಡೆ ಕಬ್ಬಾಳಮ್ಮನ ಜಾತ್ರೆಗೆ ಗೊಂಬೆ ಹೊತ್ತೊಯ್ದು ಮಾರುವವರು ಅವರು. ಹಾಗಾಗಿ "ಊರು" ಅನ್ನೋ ಪೆಟ್ಟಿಗೆಯಲ್ಲಿ ನಮ್ಮ ನಾಲ್ಕು ತಾಲೂಕಿನ ಹೆಸರು ಮೊದಲೇ ತುಂಬಿಕೊಳ್ಳೋ ಹಾಗೆ ಮಾಡಿದ್ದೆ. ಪರೀಕ್ಷೆ ಮಾಡುವಾಗ ರಾಮನಗರ ಅಂತ ಹಾಕಿದೆ, ಚೆನ್ನಾಗಿ ಬಂತು. ಕನಕಪುರ, ಬಂತು. ಮಾಗಡಿ, ಬಂತು. ಸಾಕು ಅಂತ ಆಪ್ ಮೇಲೇರಿಸಿ ಮಲಗಿದೆ.

ಬೆಳಗ್ಗೆ ಮಾವನ ಫೋನು. "ಏನ್ಲಾ, ಇಂಜಿನಿಯರ್ ಓದಿದ್ದೀಯ, ನಮ್ಮೂರ್ ಹೆಸರು ಬರೆಯಕ್ಕೆ ಬರಲ್ವಾ?"

ನೋಡಿದರೆ ಪೆಟ್ಟಿಗೆಯಲ್ಲಿ "ಚನಪಟಣ" ಅಂತಿದೆ. ಒತ್ತಕ್ಷರದ ಕಾಲು ಎರಡೂ ಮಾಯ!

ನಮ್ಮ ನಾಲ್ಕು ಊರಿನ ಹೆಸರನ್ನು ಒಂದು ಸಲ ಬರೆದು ನೋಡಿ. ರಾಮನಗರ, ಕನಕಪುರ, ಮಾಗಡಿ. ಮೂರರಲ್ಲೂ ಒಂದೇ ಒಂದು ಒತ್ತಿಲ್ಲ. ಚನ್ನಪಟ್ಟಣಕ್ಕೆ ಮಾತ್ರ ಎರಡು, ನಕಾರದ್ದೊಂದು, ಟಕಾರದ್ದೊಂದು. ನಾನು ಪರೀಕ್ಷೆ ಮಾಡಿದ ಮೂರೂ ಹೆಸರು ಇಂಗ್ಲಿಷಿನಷ್ಟೇ ಎತ್ತರದಲ್ಲಿ ನಿಂತುಬಿಡ್ತವೆ. ನಾಲ್ಕನೆಯದು, ನಾನು ಹುಟ್ಟಿದ ಊರಿನದು, ಸಾಲಿನ ಕೆಳಗೆ ಇನ್ನೊಂದು ಅಂತಸ್ತು ಕೇಳುತ್ತೆ.

ಆ ಅಂತಸ್ತಿಗೆ ಜಾಗ ಇರಲಿಲ್ಲ. ಆಗಿನ ಬೂಟ್‌ಸ್ಟ್ರ್ಯಾಪ್ 2.0ರಲ್ಲಿ ಅಕ್ಷರದ ಅಳತೆ 13 ಪಿಕ್ಸೆಲ್, ಸಾಲಿನ ಎತ್ತರ 18. ಬರೆಯುವ ಪೆಟ್ಟಿಗೆಯ ಎತ್ತರವೂ ಅಷ್ಟಕ್ಕೇ ಕಟ್ಟಿದ್ದು. ಇಂಗ್ಲಿಷಿನಲ್ಲಿ ಸಾಲಿನಿಂದ ಕೆಳಗಿಳಿಯೋ ಅಕ್ಷರ ನಾಲ್ಕೈದು, ಅವೂ ಒಂದು ಸಣ್ಣ ಬಾಲದಷ್ಟು. ಆ ಬಾಲಕ್ಕೆ ಈ ಅಳತೆ ಧಾರಾಳ. ಅದರ ಮೇಲೆ ನಾನು, ಟೇಬಲ್ಲಿನಲ್ಲಿ ಹೆಚ್ಚು ಸಾಲು ಹಿಡಿಯಲಿ ಅಂತ ಪೆಟ್ಟಿಗೆಯನ್ನು ಇನ್ನೂ ಒಂದೆರಡು ಪಿಕ್ಸೆಲ್ ಒತ್ತಿದ್ದೆ. ತಪ್ಪು ಯಾರದ್ದು ಅಂದರೆ ನನ್ನದೇ. ಅವರು ತಮ್ಮ ಅಕ್ಷರಕ್ಕೆ ಸರಿಯಾದ ಅಳತೆ ಬರೆದಿಟ್ಟಿದ್ದರು. ಅದು ನನ್ನ ಅಕ್ಷರಕ್ಕೆ ಸರಿಯೇ ಅಂತ ನಾನು ಕೇಳಲೇ ಇಲ್ಲ. ಬಣ್ಣ ಬಂತಲ್ಲ ಅನ್ನೋ ಖುಷಿಯಲ್ಲಿದ್ದೆ.

ಸರಿಪಡಿಸೋಕೆ ಕೂತಾಗ ಇನ್ನೊಂದು ಪಾಠ. ಸಾಲಿನ ಎತ್ತರ 24 ಅಂತ ನನ್ನ ಕಡತದ ಕೊನೆಯಲ್ಲಿ ಬರೆದೆ. ಏನೂ ಆಗಲಿಲ್ಲ. ಅರ್ಧ ರಾತ್ರಿ ಒದ್ದಾಡಿದ ಮೇಲೆ ಗೊತ್ತಾಯ್ತು. ಬೂಟ್‌ಸ್ಟ್ರ್ಯಾಪಿನ ಒಳಗಿನ ಅಳತೆಗಳೆಲ್ಲ "ಬೇರೆ ಯಾರೂ ಹೇಳಿರದಿದ್ದರೆ ಇದು" ಅನ್ನೋ ಷರತ್ತಿನ ಮೇಲೆ ನಿಂತಿವೆ. ಹಾಗಾಗಿ ನಮ್ಮ ಅಳತೆಯನ್ನು ಆಮದಿನ ಸಾಲಿಗಿಂತ ಮೊದಲು ಹೇಳಬೇಕು. ಮೊದಲು ಹೇಳಿದರೆ ಬಟನ್ನು, ಪೆಟ್ಟಿಗೆ, ಪಟ್ಟಿ ಎಲ್ಲದರ ಲೆಕ್ಕ ಅದರಂತೆ ತಾನೇ ಹೊಂದಿಕೊಳ್ಳುತ್ತೆ. ಆಮದಾದ ಮೇಲೆ ಹೇಳಿದರೆ ಆ ಲೆಕ್ಕಗಳೆಲ್ಲ ಮುಗಿದುಹೋಗಿರುತ್ತವೆ, ಒಂದೊಂದನ್ನೂ ಹುಡುಕಿ ಹುಡುಕಿ ತಿದ್ದುತ್ತಾ ಕೂರಬೇಕು.

ಎರಡು ಸಾಲು ಮೇಲಕ್ಕೆತ್ತಿ ಇಟ್ಟೆ. ಚನ್ನಪಟ್ಟಣ ಪೂರ್ತಿ ಬಂತು. ಮಾವನಿಗೆ ಹೇಳಿದಾಗ ಶೆಡ್ಡಿನಲ್ಲಿ ಲೇತ್ ಹಿಡಿದಿದ್ದ ಹಿರಿಯ ಸಾಬರು ನಕ್ಕು, "ಲೇತಿಂದ ಇಳಿಸಿದ್ ಮೇಲೆ ಅರಗು ಹಚ್ತೀನಿ ಅಂದ್ರೆ ಹತ್ತುತ್ತಾ ಬೇಟಾ?" ಅಂದರು.

*

ಇದಾದ ಮೇಲೆ ಒಂದೊಂದೇ ಪದರ.

2013ರ ಆಗಸ್ಟ್ 19ಕ್ಕೆ, ತನ್ನ ಎರಡನೇ ಹುಟ್ಟುಹಬ್ಬಕ್ಕೆ, ಬೂಟ್‌ಸ್ಟ್ರ್ಯಾಪ್ 3 ಬಂತು. ಮೊದಲು ಮೊಬೈಲು, ಆಮೇಲೆ ಕಂಪ್ಯೂಟರು ಅನ್ನೋದು ಅದರ ನಿಲುವು. ಅಷ್ಟರಲ್ಲಿ ಮಾವನ ಕೈಗೂ ಸ್ಮಾರ್ಟ್‌ಫೋನ್ ಬಂದಿತ್ತು. ಸ್ಪ್ಯಾನ್-4 ಅಂತಿದ್ದ ಹೆಸರು ಕಾಲ್-ಎಂಡಿ-4 ಆಯ್ತು. ಪ್ರತಿ ಪುಟದಲ್ಲೂ ಹುಡುಕಿ ಬದಲಾಯಿಸಿದೆ. ರೈಲ್ಸ್ ಕಡೆಯಿಂದ ಇನ್ನೊಂದು ಕೀಟಲೆ ಇತ್ತು. ಫಾರ್ಮಿನಲ್ಲಿ ತಪ್ಪು ತುಂಬಿದರೆ ರೈಲ್ಸ್ ಆ ಪೆಟ್ಟಿಗೆಯ ಸುತ್ತ ತನ್ನದೇ ಒಂದು ಹೊದಿಕೆ ಹಾಕುತ್ತೆ. ಬೂಟ್‌ಸ್ಟ್ರ್ಯಾಪಿಗೆ ಆ ಹೊದಿಕೆಯ ಪರಿಚಯ ಇಲ್ಲ, ಸಾಲು ಕದಲಿಬಿಡುತ್ತೆ. ಇಬ್ಬರ ನಡುವೆ ದುಭಾಷಿಯಂತೆ ನಿಂತು, ರೈಲ್ಸಿನ ಹೊದಿಕೆಗೆ ಬೂಟ್‌ಸ್ಟ್ರ್ಯಾಪಿನ ಕೆಂಪು ಬಣ್ಣ ಹೊಂದಿಸಬೇಕು. ಎರಡು ಚೌಕಟ್ಟು ಸೇರಿಸೋದು ಅಂದರೆ ಹೆಚ್ಚಿನಂಶ ಇಂಥದೇ ಕೆಲಸ.

ಈ ಎಲ್ಲ ಬದಲಾವಣೆಯಲ್ಲೂ ನನ್ನ ಎರಡು ಸಾಲು ಮೇಲೇ ಉಳಿದವು. ಹೆಸರು ಬದಲಾಯ್ತು, ಜಾಗ ಬದಲಾಗಲಿಲ್ಲ.

ನಂತರದ ಪದರ 2019ರದ್ದು. ಇದನ್ನು ನೆನೆದರೆ ಈಗಲೂ ಬೆನ್ನು ತಣ್ಣಗಾಗುತ್ತೆ. ಅಷ್ಟು ಹೊತ್ತಿಗೆ ಬೂಟ್‌ಸ್ಟ್ರ್ಯಾಪ್-ಸ್ಯಾಸ್ ಜೆಮ್ ಕೋಟಿಗಟ್ಟಲೆ ಸಲ ಡೌನ್‌ಲೋಡ್ ಆಗಿತ್ತು. ಆ ವರ್ಷದ ಮಾರ್ಚ್ 26ಕ್ಕೆ ಯಾರೋ ಕಳ್ಳರು ಅದರ 3.2.0.3 ಎಂಬ ಹೊಸ ಆವೃತ್ತಿಯನ್ನು ರೂಬಿಜೆಮ್ಸ್‌ಗೆ ಏರಿಸಿದರು. ಅದಕ್ಕೂ ಮೊದಲಿನ ಒಳ್ಳೆಯ 3.2.0.2 ಆವೃತ್ತಿಯನ್ನು ಅಲ್ಲಿಂದ ತೆಗೆದುಹಾಕಲಾಗಿತ್ತು. ಹಳೆಯದು ಸಿಗದವರು ಒಂದು ಅಂಕೆ ಮುಂದಕ್ಕೆ ಹೋಗಲಿ ಅನ್ನೋ ಹೂಟ. ಹೊಸದರ ಒಳಗೆ ಒಂದು ಹಿಂಬಾಗಿಲು. ಗೊತ್ತಿರುವವರು ಒಂದು ವಿಶೇಷ ಕುಕೀ ಕಳಿಸಿದರೆ ಸಾಕು, ಅದರಲ್ಲಿ ಬರೆದದ್ದೆಲ್ಲ ನಿಮ್ಮ ಸರ್ವರಿನಲ್ಲಿ ಓಡುತ್ತೆ. ಯಾರೋ ಒಬ್ಬರು ಅನುಮಾನ ಬಂದು ಹಿಡಿದಿದ್ದರಿಂದ ಬೇಗ ತೆಗೆಸಿದರು.

ನನ್ನ ಆಪ್ ಯಾವ ಆವೃತ್ತಿಯಲ್ಲಿತ್ತು? ಜೆಮ್‌ಫೈಲ್ ಲಾಕ್ ತೆಗೆದು ನೋಡಿದೆ. 3.2.0.2. ಒಂದೇ ಅಂಕೆ ಹಿಂದೆ. 2014ರಲ್ಲಿ ಏರಿಸಿದ್ದು, ಆಮೇಲೆ ಮುಟ್ಟೇ ಇರಲಿಲ್ಲ. ಆ ವಾರ ನಾನೇನಾದರೂ ಹುರುಪಿನಿಂದ ಆಪ್ ಹೊಸದು ಮಾಡೋಕೆ ಹೋಗಿದ್ದರೆ, ಹಳೆಯದು ಸಿಗಲಿಲ್ಲ ಅಂತ ಹೊಸದಕ್ಕೆ ಕೈ ಹಾಕಿರ್ತಿದ್ದೆ. ಅದರಲ್ಲಿ ನೂರಾರು ಜನರ ಹೆಸರು, ವಿಳಾಸ, ಫೋನ್ ನಂಬರ್ ಇತ್ತು. ನನ್ನ ಸೋಮಾರಿತನ ಉಳಿಸಿತು, ಜಾಣತನ ಅಲ್ಲ. ಬಣ್ಣದ ಡಬ್ಬಿ ಅಂದುಕೊಂಡು ಒಳಗೆ ಬಿಟ್ಟುಕೊಂಡದ್ದು ಮನೆಯ ಬೀಗದ ಕೈಯನ್ನೂ ಹಿಡಿದಿರುತ್ತೆ ಅಂತ ಅವತ್ತು ಅರ್ಥವಾಯ್ತು.

ಕಾಕತಾಳೀಯ ಅಂದರೆ, ರೂಬಿಯಲ್ಲಿ ಬರೆದ ಮೂಲ ಸ್ಯಾಸ್‌ನ ಆಯಸ್ಸು ಅಧಿಕೃತವಾಗಿ ಮುಗಿದದ್ದೂ ಅದೇ ಮಾರ್ಚ್ 26ಕ್ಕೆ. ಸ್ಯಾಸ್ ಭಾಷೆ ಉಳಿಯಿತು, ಅದನ್ನು ಓಡಿಸುವ ಯಂತ್ರ ರೂಬಿಯ ಮನೆ ಬಿಟ್ಟು ಹೋಯ್ತು. ವಿಚಿತ್ರ ಏನಪ್ಪಾ ಅಂದ್ರೆ, ಅದಕ್ಕೂ ಒಂದು ವರ್ಷ ಮೊದಲು, 2018ರ ಜನವರಿಯಲ್ಲಿ ಬಂದ ಬೂಟ್‌ಸ್ಟ್ರ್ಯಾಪ್ 4 ಲೆಸ್ ಬಿಟ್ಟು ಸ್ಯಾಸ್ ಹಿಡಿದಿತ್ತು. ರೈಲ್ಸ್‌ನವರು ಏಳು ವರ್ಷ ಅನುವಾದ ಮಾಡಿಕೊಂಡು ಬಳಸಿದ ಭಾಷೆಗೆ ಬೂಟ್‌ಸ್ಟ್ರ್ಯಾಪ್ ಬಂದು ಸೇರುವ ಹೊತ್ತಿಗೆ, ಆ ಭಾಷೆ ರೂಬಿಗೆ ಬೆನ್ನು ತಿರುಗಿಸುತ್ತಿತ್ತು. 2019ರ ಆಗಸ್ಟಿನಲ್ಲಿ ರೈಲ್ಸ್ 6 ಬಂದು, ಜಾವಾಸ್ಕ್ರಿಪ್ಟನ್ನು ವೆಬ್‌ಪ್ಯಾಕರ್ ಕೈಗೆ ಕೊಟ್ಟಿತು. ಒಂದು ಸಾಲಿನಲ್ಲಿ ಆಗ್ತಿದ್ದ ಕೆಲಸಕ್ಕೆ ಈಗ ನೋಡ್, ಯಾರ್ನ್, ಹತ್ತು ಕಡತ. ನಾನು ಆ ಕಡೆ ತಲೆಯೇ ಹಾಕಲಿಲ್ಲ.

*

2023ರ ಏಪ್ರಿಲ್‌ನಲ್ಲಿ ಮಾವನ ಫೋನ್ ಇಟ್ಟ ಮೇಲೆ ನಾನು ಎದುರಿಸಿದ್ದು ಈ ರಾಶಿಯನ್ನು. ಹಳೇ ರೂಬಿ ಹೊಸ ಲ್ಯಾಪ್‌ಟಾಪಿನಲ್ಲಿ ಓಡಲ್ಲ. ಹಳೇ ಜೆಮ್ಮುಗಳಲ್ಲಿ ಅರ್ಧ ಸಿಗಲ್ಲ. ಕೊನೆಗೆ ಡೇಟಾ ಮಾತ್ರ ಉಳಿಸಿಕೊಂಡು ಹೊಸದಾಗಿ ಕಟ್ಟೋಕೆ ಕೂತೆ.

ಅಷ್ಟರಲ್ಲಿ ಕಾಲ ಒಂದು ಸುತ್ತು ಬಂದಿತ್ತು. 2021ರ ಡಿಸೆಂಬರಿನಲ್ಲಿ ಬಂದ ರೈಲ್ಸ್ 7ರಲ್ಲಿ, ಹೊಸ ಆಪ್ ಹುಟ್ಟಿಸುವಾಗಲೇ ಸ್ಟೈಲಿಗೆ ಬೂಟ್‌ಸ್ಟ್ರ್ಯಾಪ್ ಬೇಕು ಅಂತ ಒಂದು ಮಾತು ಸೇರಿಸಿದರೆ ಸಾಕು, ಉಳಿದದ್ದನ್ನು ಅದೇ ಜೋಡಿಸಿಕೊಡುತ್ತೆ. ಬೂಟ್‌ಸ್ಟ್ರ್ಯಾಪ್ 5 ಅದೇ ವರ್ಷದ ಮೇ ತಿಂಗಳಲ್ಲಿ ಬಂದು, ಹತ್ತು ವರ್ಷ ಹೊತ್ತುಕೊಂಡಿದ್ದ ಜೆಕ್ವೆರಿಯನ್ನು ಇಳಿಸಿತ್ತು. ಆಫೀಸಿನ ಹುಡುಗರು, "ಬೂಟ್‌ಸ್ಟ್ರ್ಯಾಪಾ? ಈಗೆಲ್ಲ ಟೇಲ್‌ವಿಂಡ್ ಅಣ್ಣಾ" ಅಂದರು. 2017ರಲ್ಲಿ ಶುರುವಾದ ಟೇಲ್‌ವಿಂಡ್ ಸಿದ್ಧ ಬಟನ್ನು ಕೊಡಲ್ಲ, ಬರೀ ಅಳತೆ ಮತ್ತು ಬಣ್ಣದ ಚಿಕ್ಕ ಚಿಕ್ಕ ತುಂಡು ಕೊಡುತ್ತೆ. ಸೊಗಸಾಗಿದೆ, ಒಪ್ಪಿದೆ. ಆದರೆ ಮಾವನ ಬೆರಳಿಗೆ ಹಳೇ ನೀಲಿ ಬಟನ್ನಿನ ಜಾಗ ಅಭ್ಯಾಸವಾಗಿತ್ತು. ಅಂಗಡಿ ಉಳಿಯಬೇಕಾಗಿರೋ ಹೊತ್ತಿನಲ್ಲಿ ಎಪ್ಪತ್ತರ ಮನುಷ್ಯನಿಗೆ ಹೊಸ ಪುಟ ಕಲಿಸೋದು ಬೇಡ ಅನಿಸಿತು. ಬೂಟ್‌ಸ್ಟ್ರ್ಯಾಪೇ ಇಟ್ಟೆ.

ಐದನೇ ಆವೃತ್ತಿಯಲ್ಲಿ ನನಗೆ ಹಿಡಿಸಿದ್ದು ಒಂದು ಸಣ್ಣ ಬದಲಾವಣೆ. ಎಡ, ಬಲ ಅಂತಿದ್ದ ಹೆಸರುಗಳನ್ನೆಲ್ಲ ತೆಗೆದು ಆರಂಭ, ಅಂತ್ಯ ಅಂತ ಮಾಡಿದ್ದಾರೆ. ಬಲದಿಂದ ಎಡಕ್ಕೆ ಬರೆಯುವ ಭಾಷೆಗಳಿಗೆ ಪುಟ ತಾನೇ ತಿರುಗಲಿ ಅಂತ. ನಮ್ಮ ಶೆಡ್ಡಿನಲ್ಲಿ ಸಾಬರು ತಮ್ಮ ದಿನದ ಲೆಕ್ಕ ಬರೆದಿಡೋದು ಉರ್ದುವಿನಲ್ಲಿ. ಅವರ ಕೂಲಿ ಲೆಕ್ಕದ ಪುಟವನ್ನು ಉರ್ದುವಿಗೆ ತಿರುಗಿಸಿ ತೋರಿಸಿದೆ. ಕನ್ನಡಕ ಏರಿಸಿ ಎರಡು ಸಲ ಓದಿದರು. ಬುಧವಾರದ ಲೆಕ್ಕದಲ್ಲಿ ಎರಡು ಡಜನ್ ಬುಗುರಿ ಬಿಟ್ಟುಹೋಗಿದೆ ಅಂತ ಬೆರಳಿಟ್ಟು ತೋರಿಸಿದರು. ಅಷ್ಟು ವರ್ಷ ಆ ಪುಟ ಕನ್ನಡದಲ್ಲಿದ್ದಾಗ ಅವರು ಒಂದು ತಪ್ಪನ್ನೂ ಹೇಳಿರಲಿಲ್ಲ. ತಪ್ಪು ಇರಲೇ ಇಲ್ಲ ಅಂತ ನಾವು ಅಂದುಕೊಂಡಿದ್ವಿ.

ಇದನ್ನು ನೋಡಿದ ಮೇಲೆ ನನಗೆ ನನ್ನ ಒತ್ತಕ್ಷರದ ಪ್ರಕರಣ ಇನ್ನೂ ಸರಿಯಾಗಿ ಅರ್ಥವಾಯ್ತು. ಬಲದಿಂದ ಎಡಕ್ಕೆ ಬರೆಯುವವರು ವರ್ಷಗಟ್ಟಲೆ ಕೇಳಿದ್ದಕ್ಕೆ ಆ ಅನುಕೂಲ ಚೌಕಟ್ಟಿನ ಒಳಗೇ ಸೇರಿತು. ಒತ್ತಕ್ಷರದ ಅಂತಸ್ತನ್ನು ನಾವು ಕೇಳಿದ್ದು ಕಡಿಮೆ. ಪ್ರತಿಯೊಬ್ಬರೂ ತಮ್ಮ ತಮ್ಮ ಕಡತದಲ್ಲಿ ಎರಡು ಸಾಲು ತಿದ್ದಿಕೊಂಡು, ರೈಲು ಹತ್ತಿ ಮನೆಗೆ ಹೋದ್ವಿ. ನಾನೂ ಅವರಲ್ಲೊಬ್ಬ. ಹನ್ನೊಂದು ವರ್ಷ ನನ್ನ ಪರಿಹಾರ ನನ್ನ ಲ್ಯಾಪ್‌ಟಾಪಿನಲ್ಲೇ ಇತ್ತು. ಕನ್ನಡದಲ್ಲಿ ಫಾರ್ಮು ಮಾಡೋ ಇನ್ನೊಬ್ಬ ಹುಡುಗ ಅದೇ ಅರ್ಧ ರಾತ್ರಿ ಮತ್ತೆ ಒದ್ದಾಡಿರ್ತಾನೆ. ಈ ಸಲ ಆ ಎರಡು ಸಾಲನ್ನು, ಯಾಕೆ ಬೇಕು ಅನ್ನೋ ವಿವರಣೆ ಸಮೇತ, ಎಲ್ಲರೂ ತಗೊಳ್ಳೋ ಹಾಗೆ ಹೊರಗಿಟ್ಟಿದ್ದೀನಿ.

ಅಂಗಡಿ ಏನಾಯ್ತು ಅಂತ ಕೇಳ್ತೀರಲ್ವಾ? ಹಳೇ ರಸ್ತೆಯ ವ್ಯಾಪಾರ ವಾಪಸ್ ಬಂದಿಲ್ಲ. ಆಪ್‌ನಲ್ಲಿ ದಿನಕ್ಕೆ ಎರಡೋ ಮೂರೋ ಆರ್ಡರ್ ಬರುತ್ತೆ, ದಸರಾ ಗೊಂಬೆ ಕೂರಿಸೋ ಹೊತ್ತಿಗೆ ಸ್ವಲ್ಪ ಜಾಸ್ತಿ. ಎರಡು ಲೇತಿನಲ್ಲಿ ಒಂದು ತಿರುಗ್ತಾ ಇದೆ. ಇನ್ನೊಂದರ ಮೇಲೆ ಮಾವ ಗೋಣಿಚೀಲ ಹೊದಿಸಿದ್ದಾರೆ, ಮಾರಿಲ್ಲ.

2025ರ ಮೇ ತಿಂಗಳಲ್ಲಿ ರಾಮನಗರ ಜಿಲ್ಲೆಯ ಹೆಸರನ್ನು ಬೆಂಗಳೂರು ದಕ್ಷಿಣ ಅಂತ ಬದಲಾಯಿಸೋಕೆ ಸಚಿವ ಸಂಪುಟ ಒಪ್ಪಿತು. 2007ರಲ್ಲಿ ಹುಟ್ಟಿದ ಜಿಲ್ಲೆಗೆ ಹದಿನೆಂಟಕ್ಕೆ ಹೊಸ ಹೆಸರು. ಮಾವ ಫೋನ್ ಮಾಡಿ, "ಪುಟದಾಗೆ ಜಿಲ್ಲೆ ಹೆಸರು ತಿದ್ಬೇಕಲ್ಲಪ್ಪಾ" ಅಂದರು. ಒಂದೇ ಸಾಲು ಮಾವ, ಸಂಜೆ ತಿದ್ದುತೀನಿ ಅಂದೆ.

"ತಿದ್ದು. ಆದ್ರೆ ಕ್ಷಕಾರ ಇದೆ ನೋಡು ಅದ್ರಾಗೆ. ಕಾಲು ಕತ್ತರಿಸ್ಬ್ಯಾಡ."

ತಿದ್ದಿ, ದೊಡ್ಡದು ಮಾಡಿ ನೋಡಿದೆ. ಕ್ಷಕಾರ ಪೂರ್ತಿ ಇತ್ತು. ಸ್ಕ್ರೀನ್‌ಶಾಟ್ ತೆಗೆದು ಮಾವನಿಗೆ ಕಳಿಸಿ, ಮಲಗಿದೆ.